ಒಂದೇ ದಿನವೋ, ಐದು ದಿನವೋ, 28 ಸಿಟ್ಟಿಂಗೋ? ಕಿವಿ ನರದ ಗಡ್ಡೆಗೆ ರೇಡಿಯೇಷನ್

ಪ್ರಶ್ನೆ: ನನಗೆ 54 ವರ್ಷ. ಸಾಗರದ ಹತ್ತಿರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎರಡು ವರ್ಷದಿಂದ ಬಲಗಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ಫೋನ್ ಎಡಗಿವಿಗೆ ಹಿಡಿಯುವುದು ಅಭ್ಯಾಸವಾಗಿತ್ತು. ಎರಡು ತಿಂಗಳ ಹಿಂದೆ ಎಂಆರ್‌ಐ ಮಾಡಿಸಿದಾಗ ಕಿವಿ ನರದ ಮೇಲೆ 16 ಮಿ.ಮೀ. ಗಡ್ಡೆ ಇದೆ, ಕ್ಯಾನ್ಸರ್ ಅಲ್ಲ ಎಂದರು. ಶ್ರವಣ ಪರೀಕ್ಷೆಯಲ್ಲಿ ಬಲಗಿವಿ 38 ಡೆಸಿಬಲ್, ಮಾತು ಗುರುತಿಸುವುದು 80%. ಒಬ್ಬ ಡಾಕ್ಟರು ಗಾಮಾ ನೈಫ್, ಒಂದೇ ದಿನದಲ್ಲಿ ಮುಗಿಯುತ್ತದೆ ಎಂದರು. ಇನ್ನೊಬ್ಬರು ಸೈಬರ್‌ನೈಫ್ ಐದು ದಿನ ಕೊಟ್ಟರೆ ಕಿವಿ ಉಳಿಯುತ್ತದೆ ಎಂದರು. ಮೂರನೆಯವರು 28 ಸಿಟ್ಟಿಂಗ್ ಎಂದರು. ನಾಲ್ಕನೆಯವರ ಹತ್ತಿರ ಹೋಗಲು ಧೈರ್ಯವಿಲ್ಲ. ಯಾವುದು ಒಳ್ಳೆಯದು? ಕ್ಯಾನ್ಸರ್ ಅಲ್ಲ ಅಂದಮೇಲೆ ರೇಡಿಯೇಷನ್ ಯಾಕೆ?

ಉತ್ತರ: ಮೇಷ್ಟ್ರೇ, ನಾಲ್ಕನೆಯವರು ಬೇಡ ಅಂದುಕೊಂಡೇ ನನಗೆ ಬರೆದಿದ್ದೀರಿ. ನಾನೂ ರೇಡಿಯೇಷನ್ ಡಾಕ್ಟರೇ. ಆದರೆ ಹೆದರಬೇಡಿ, ನಾಲ್ಕನೇ ಮಷೀನಿನ ಹೆಸರು ಹೇಳುವುದಿಲ್ಲ. ಆ ಮೂವರಲ್ಲಿ ಯಾರೂ ತಪ್ಪು ಹೇಳಿಲ್ಲ. ಮೂರೂ ಗಡ್ಡೆಯನ್ನು ಹಿಡಿದು ನಿಲ್ಲಿಸುತ್ತವೆ. ಆದರೆ "ಕಿವಿ ಉಳಿಯುತ್ತದೆ" ಎಂಬ ಮಾತನ್ನು ಮಾತ್ರ ಅಷ್ಟು ಸಲೀಸಾಗಿ ಹೇಳಬಾರದಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಗಡ್ಡೆಯ ವಿಷಯ. ಕರೆಂಟ್ ವೈರಿನ ಮೇಲೆ ರಬ್ಬರ್ ಹೊದಿಕೆ ಇರುತ್ತದಲ್ಲ, ಹಾಗೆ ನರದ ಮೇಲೂ ಒಂದು ಹೊದಿಕೆ ಇದೆ. ಅದನ್ನು ಮಾಡುವ ಜೀವಕೋಶಕ್ಕೆ ಶ್ವಾನ್ ಕೋಶ ಅಂತ ಹೆಸರು. ಅದು ಒಂದು ಜಾಗದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಬೆಳೆದರೆ ಈ ಗಡ್ಡೆ. ಹೆಸರು ಕಿವಿ ನರದ ಗಡ್ಡೆ ಅಂತಿದ್ದರೂ ಇದು ಹುಟ್ಟುವುದು ಸಾಮಾನ್ಯವಾಗಿ ಪಕ್ಕದ ಎಳೆಯಲ್ಲಿ, ಅಂದರೆ ದೇಹದ ಸಮತೋಲನ ನೋಡಿಕೊಳ್ಳುವ ಎಳೆಯಲ್ಲಿ. ಅದಕ್ಕೇ ರಿಪೋರ್ಟಿನಲ್ಲಿ 'ವೆಸ್ಟಿಬುಲರ್ ಶ್ವಾನೋಮಾ' ಅಂತ ಇರುತ್ತದೆ. ಹಳಬರು ಅಕೌಸ್ಟಿಕ್ ನ್ಯೂರೋಮಾ ಅನ್ನುತ್ತಾರೆ. ಎರಡೂ ಒಂದೇ. ಕಿವಿಯಿಂದ ಮೆದುಳಿಗೆ ಹೋಗುವ ಮೂಳೆಯ ಸುರಂಗ ಒಂದು ಸೆಂಟಿಮೀಟರ್ ಉದ್ದ, ಅಷ್ಟೇ. ಅದರಲ್ಲಿ ಕೇಳುವ ನರ, ಸಮತೋಲನದ ನರ, ಮುಖ ಆಡಿಸುವ ನರ, ಮೂರೂ ಒತ್ತಿಕೊಂಡು ಹೋಗುತ್ತವೆ. ಬೆಳಗಿನ ಸಿಟಿ ಬಸ್ಸಿನ ಹಾಗೆ. ಅಲ್ಲಿ ಇನ್ನೊಬ್ಬ ದಪ್ಪನೆಯವನು ಹತ್ತಿದರೆ ಮೊದಲು ನರಳುವುದು ಕೇಳುವ ನರ. ಮುಖದ ನರ ಗಟ್ಟಿ, ತಡೆದುಕೊಳ್ಳುತ್ತದೆ.

ಇದು ಬೇರೆ ಅಂಗಕ್ಕೆ ಹರಡುವುದಿಲ್ಲ. ತುಂಬ ನಿಧಾನ. ವರ್ಷಕ್ಕೆ ಒಂದೋ ಎರಡೋ ಮಿಲಿಮೀಟರ್ ಬೆಳೆಯುವವು ಜಾಸ್ತಿ, ಏನೂ ಬೆಳೆಯದೆ ಸುಮ್ನೆ ಕೂತಿರುವವೂ ಬೇಕಾದಷ್ಟಿವೆ. ಹಾಗಿದ್ದರೆ ರೇಡಿಯೇಷನ್ ಯಾಕೆ ಅಂದಿರಿ. ನಮ್ಮ ಕಡೆ 'ಕರೆಂಟ್ ಕೊಡೋದು' ಅಂದ ಕೂಡಲೇ ಕ್ಯಾನ್ಸರ್ ಅಂತಲೇ ಲೆಕ್ಕ. ಇಲ್ಲಿ ಗಡ್ಡೆಯನ್ನು ಸುಟ್ಟು ಹಾಕುವುದು ಉದ್ದೇಶವಲ್ಲ. ಅದರ ಕೋಶಗಳು ಮುಂದೆ ಮರಿ ಹಾಕದ ಹಾಗೆ ಮಾಡುವುದು, ಅದಕ್ಕೆ ಹೋಗುವ ರಕ್ತನಾಳಗಳನ್ನು ನಿಧಾನಕ್ಕೆ ಮುಚ್ಚಿಸುವುದು. ಗಡ್ಡೆ ಅಲ್ಲೇ ಇರುತ್ತದೆ. ಹತ್ತು ವರ್ಷದ ನಂತರ ಸ್ಕ್ಯಾನ್ ಮಾಡಿದರೂ ಕಾಣುತ್ತದೆ. "ಗಡ್ಡೆ ಹೋಯಿತಾ ಡಾಕ್ಟ್ರೇ?" ಅಂತ ಕೇಳುವವರಿಗೆ ನಾನು ಹೇಳುವುದು, ಹೋಗಿಲ್ಲ, ಆದರೆ ಇನ್ನು ಅದರಿಂದ ಕಾಟ ಇಲ್ಲ ಅಂತ.

ಇನ್ನು ನಿಮ್ಮ ಮೂರು ದಾರಿಗಳು.

ಗಾಮಾ ನೈಫ್‌ನಲ್ಲಿ ಚಾಕು ಇಲ್ಲ. ಹೆಸರು ಕೇಳಿ ಹಿಂದಿನ ದಿನ ತಲೆ ಬೋಳಿಸಿಕೊಂಡು ಬಂದವರಿದ್ದಾರೆ, ಪಾಪ. ಸ್ಟಾಕ್‌ಹೋಮಿನ ಲಾರ್ಸ್ ಲೆಕ್ಸೆಲ್ ಎಂಬ ನರಶಸ್ತ್ರಚಿಕಿತ್ಸಕರು 1960ರ ದಶಕದಲ್ಲಿ ಮಾಡಿದ ಮಷೀನು ಇದು. ಕಿವಿ ನರದ ಗಡ್ಡೆಗೆ ಮೊದಲ ಸಲ ಬಳಸಿದ್ದು 1969ರಲ್ಲಿ. ಒಳಗೆ ಕೋಬಾಲ್ಟ್ 60ರ ಚಿಕ್ಕ ಚಿಕ್ಕ ತುಂಡುಗಳು, ಹಳೆಯ ಮಾದರಿಯಲ್ಲಿ 201, ಈಗಿನದರಲ್ಲಿ 192. ಒಂದೊಂದರಿಂದಲೂ ಸಣ್ಣ ಕಿರಣ ಬರುತ್ತದೆ. ಒಂಟಿ ಕಿರಣಕ್ಕೆ ಮೆದುಳಿಗೆ ಏನೂ ಮಾಡುವಷ್ಟು ಶಕ್ತಿ ಇಲ್ಲ. ಎಲ್ಲಾ ಸೇರುವ ಜಾಗದಲ್ಲಿ ಮಾತ್ರ ಜೋರು. ಹನಿ ಹನಿ ಗೂಡಿದರೆ ಹಳ್ಳ. ಆ ಹಳ್ಳ ಗಡ್ಡೆಯ ಮೇಲೇ ಬೀಳುವ ಹಾಗೆ ಪ್ಲಾನ್ ಮಾಡುವುದೇ ನಮ್ಮ ಕೆಲಸ.

ಆ ದಿನ ಹೀಗಿರುತ್ತದೆ. ಬೆಳಿಗ್ಗೆ ಹಣೆಯಲ್ಲಿ ಎರಡು, ಹಿಂದಲೆಯಲ್ಲಿ ಎರಡು ಕಡೆ ಮರಗಟ್ಟುವ ಇಂಜೆಕ್ಷನ್. ನೋವು ಅಂದರೆ ಆ ಇಂಜೆಕ್ಷನ್ನಿನದೇ. ಆಮೇಲೆ ತಲೆಗೆ ಹಗುರವಾದ ಲೋಹದ ಚೌಕಟ್ಟು ಇಟ್ಟು ನಾಲ್ಕು ಸ್ಕ್ರೂ ಬಿಗಿಯುತ್ತಾರೆ. ಮೊದಲ ಹತ್ತು ನಿಮಿಷ ತಲೆಗೆ ಪಟ್ಟಿ ಬಿಗಿದ ಹಾಗಾಗುತ್ತದೆ, ಆಮೇಲೆ ಅಭ್ಯಾಸ. ಚೌಕಟ್ಟಿನ ಸಮೇತ ಎಂಆರ್‌ಐ. ನಾವು ಪ್ಲಾನ್ ಮಾಡುವಾಗ ನೀವು ಕೂತು ಕಾಫಿ ಕುಡಿಯಬಹುದು, ಕಪ್ಪು ಚೌಕಟ್ಟಿಗೆ ತಾಗದ ಹಾಗೆ ಹಿಡಿಯುವುದನ್ನು ಕಲಿಯಬೇಕು ಅಷ್ಟೆ. ನಂತರ ಮಷೀನಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ಇಷ್ಟು ವ್ಯತ್ಯಾಸ ಯಾಕೆ ಗೊತ್ತಾ? ಕೋಬಾಲ್ಟ್ ಹಳೆಯದಾದ ಹಾಗೆ ಸೊರಗುತ್ತದೆ, ಸುಮಾರು ಐದು ವರ್ಷ ಮೂರು ತಿಂಗಳಿಗೆ ಅರ್ಧಕ್ಕೆ ಇಳಿಯುತ್ತದೆ. ಅದೇ ಡೋಸ್ ಕೊಡಲು ಹೆಚ್ಚು ಹೊತ್ತು ಬೇಕು. ಸಂಜೆಗೋ ಮರುದಿನವೋ ಮನೆಗೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ಈ ಮಷೀನಿದೆ. ಈಚಿನ ಮಾದರಿಗಳಲ್ಲಿ ಸ್ಕ್ರೂ ಇಲ್ಲದೆ ಮಾಸ್ಕ್ ಹಾಕಿಯೂ ಕೊಡಬಹುದು.

ಸೈಬರ್‌ನೈಫ್ ಅಂದರೆ ರೋಬೋ ಕೈಗೆ ಕಟ್ಟಿದ ಎಕ್ಸ್‌ರೇ ಮಷೀನು. ಸ್ಟ್ಯಾನ್‌ಫರ್ಡ್‌ನ ಜಾನ್ ಆಡ್ಲರ್ ಇದರ ಮೂಲಪುರುಷ. ಲೆಕ್ಸೆಲ್ ಹತ್ತಿರ ಹೋಗಿ ಕಲಿತು ಬಂದವರೇ. ಸ್ಕ್ರೂ ಇಲ್ಲ, ಪ್ಲಾಸ್ಟಿಕ್ ಜಾಲರಿಯ ಮಾಸ್ಕ್ ಹಾಕುತ್ತಾರೆ. ತಲೆ ಸ್ವಲ್ಪ ಅಲುಗಾಡಿದರೆ ಮಷೀನು ಎಕ್ಸ್‌ರೇ ತೆಗೆದು ನೋಡಿ ತಾನೇ ಸರಿಪಡಿಸಿಕೊಳ್ಳುತ್ತದೆ. ಸ್ಕ್ರೂ ಇಲ್ಲದ್ದರಿಂದ ಮೂರು ದಿನ, ಐದು ದಿನ ಅಂತ ಹಂಚಿ ಕೊಡುವುದು ಸುಲಭ. 28 ಸಿಟ್ಟಿಂಗಿನದು ಸಾಮಾನ್ಯ ಲೀನಿಯರ್ ಆಕ್ಸಿಲರೇಟರ್, ಅಂದರೆ ಕ್ಯಾನ್ಸರ್ ಆಸ್ಪತ್ರೆಗಳಲ್ಲಿರುವ ಮಾಮೂಲಿ ಎಕ್ಸ್‌ರೇ ರೇಡಿಯೇಷನ್ ಮಷೀನು. ಅದೂ ಮಾಸ್ಕ್ ಹಾಕಿ, ದಿನಾ ಹತ್ತಿಪ್ಪತ್ತು ನಿಮಿಷ, ಶನಿವಾರ ಭಾನುವಾರ ರಜೆ, ಹೀಗೆ ಐದಾರು ವಾರ.

ನೀವು ಗಣಿತದವರು, ಡೋಸ್ ನೋಡಿದರೆ ಗೊಂದಲವಾಗುತ್ತದೆ. ಗ್ರೇ ಅಂದರೆ ರೇಡಿಯೇಷನ್ ಡೋಸಿನ ಅಳತೆ. ಒಂದೇ ದಿನವಾದರೆ 12ರಿಂದ 13 ಗ್ರೇ. ಮೂರು ದಿನವಾದರೆ 18. ಐದು ದಿನವಾದರೆ 25. ಇಪ್ಪತ್ತೆಂಟು ಮೂವತ್ತು ದಿನವಾದರೆ 50ರಿಂದ 54. "ಒಂದು ದಿನದ್ದು ಕಡಿಮೆ ಡೋಸ್, ಹಾಗಾಗಿ ಸೇಫ್" ಅಂತ ಒಬ್ಬರು, "ಮೂವತ್ತು ದಿನದ್ದು ಸ್ಟ್ರಾಂಗ್" ಅಂತ ಇನ್ನೊಬ್ಬರು ವಾದ ಮಾಡುವುದನ್ನು ಕೇಳಿದ್ದೇನೆ. ಎರಡೂ ತಪ್ಪು. ನಿಮ್ಮ ಕಡೆ ಜುಲೈ ತಿಂಗಳಿಡೀ ಬೀಳುವ ಮಳೆಯನ್ನು ಗದ್ದೆ ತಡೆಯುತ್ತದೆ. ಅದರ ಕಾಲು ಭಾಗ ಒಂದೇ ರಾತ್ರಿ ಸುರಿಯಲಿ, ಬದು ಒಡೆಯುತ್ತದೆ ಅಲ್ವಾ? ಒಟ್ಟು ಎಷ್ಟು ಅನ್ನುವುದರಷ್ಟೇ, ಎಷ್ಟು ಹೊತ್ತಿನಲ್ಲಿ ಅನ್ನುವುದೂ ಮುಖ್ಯ. ಈ ನಾಲ್ಕೂ ಲೆಕ್ಕ ಗಡ್ಡೆಯ ಮಟ್ಟಿಗೆ ಹೆಚ್ಚು ಕಡಿಮೆ ಒಂದೇ ಪೆಟ್ಟು.

ಹಂಚಿ ಕೊಡುವುದರ ಹಿಂದೆ ಒಂದು ತರ್ಕ ಇದೆ. ರೇಡಿಯೇಷನ್ ಬಿದ್ದ ಆರೋಗ್ಯವಂತ ಕೋಶ ರಾತ್ರಿಯೊಳಗೆ ತನ್ನ ರಿಪೇರಿ ಮಾಡಿಕೊಳ್ಳುತ್ತದೆ. ಆತುರದಲ್ಲಿ ಬೆಳೆಯುವ ಕ್ಯಾನ್ಸರ್ ಕೋಶಕ್ಕೆ ಅಷ್ಟು ಚೆನ್ನಾಗಿ ರಿಪೇರಿ ಬರುವುದಿಲ್ಲ. ಹಾಗಾಗಿ ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ಒಳ್ಳೆಯದು ಉಳಿಯುತ್ತದೆ, ಕೆಟ್ಟದ್ದು ಸಾಯುತ್ತದೆ. ಗಂಟಲಿನ, ಗರ್ಭಕೊರಳಿನ ಕ್ಯಾನ್ಸರಿಗೆ ನಾವು ಹಾಗೇ ಮಾಡುವುದು. ಆದರೆ ನಿಮ್ಮ ಗಡ್ಡೆ ಕ್ಯಾನ್ಸರ್ ಅಲ್ಲ. ಅದೂ ನರದ ಮನೆಯದೇ ಮಗು, ನರದಷ್ಟೇ ನಿಧಾನ, ನರದ ಹಾಗೇ ರಾತ್ರಿ ರಿಪೇರಿ ಮಾಡಿಕೊಳ್ಳುತ್ತದೆ. ಅಂದಮೇಲೆ ಹಂಚಿ ಕೊಡುವುದರ ಲಾಭ ಇಲ್ಲಿ ಅಷ್ಟು ದೊಡ್ಡದಾಗಿರಲಿಕ್ಕಿಲ್ಲ. ನರಕ್ಕೆ ಸ್ವಲ್ಪ ಅನುಕೂಲ ಆಗಬಹುದು ಎಂಬ ವಾದ ಇನ್ನೂ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ವಾದ ಬೇರೆ, ರೋಗಿಗಳಲ್ಲಿ ತೋರಿಸುವುದು ಬೇರೆ.

ತೋರಿಸಲು ಯಾರೂ ಪ್ರಯತ್ನ ಮಾಡಲಿಲ್ಲವಾ? ಇಲ್ಲೊಂದು ಮಜಾ ಕಥೆ ಇದೆ. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡಾಮಿನ ಡಾಕ್ಟರುಗಳು 129 ಜನರಿಗೆ ಲೀನಿಯರ್ ಆಕ್ಸಿಲರೇಟರಿನಲ್ಲಿ ಚಿಕಿತ್ಸೆ ಕೊಟ್ಟು 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಐದು ದಿನದ ಚಿಕಿತ್ಸೆಗೆ ತಲೆಯನ್ನು ದಿನಾ ಅದೇ ಜಾಗದಲ್ಲಿ ಕೂರಿಸಬೇಕಲ್ಲ, ಅದಕ್ಕೆ ಮೇಲಿನ ಹಲ್ಲುಗಳ ಅಚ್ಚು ತೆಗೆದು ಕಚ್ಚಿಸುತ್ತಿದ್ದರು. ಬೊಚ್ಚುಬಾಯಿಯವರಿಗೆ ಕಚ್ಚಲು ಹಲ್ಲೇ ಇಲ್ಲ! ಅವರಿಗೆ ಸ್ಕ್ರೂ ಬಿಗಿದು ಒಂದೇ ದಿನದಲ್ಲಿ ಮುಗಿಸಿದರು. ಹೀಗೆ ಹಲ್ಲಿದ್ದ 80 ಜನ ಐದು ದಿನದ ಗುಂಪು, ಹಲ್ಲಿಲ್ಲದ 49 ಜನ ಒಂದು ದಿನದ ಗುಂಪು. ಐದು ವರ್ಷದ ನಂತರ ಗಡ್ಡೆ ಹಿಡಿತದಲ್ಲಿದ್ದದ್ದು ಒಂದು ದಿನದವರಲ್ಲಿ 100%, ಐದು ದಿನದವರಲ್ಲಿ 94%. ಕಿವಿ ಉಳಿದದ್ದು 75% ಮತ್ತು 61%. ಹೌದು, ಐದು ದಿನದವರಲ್ಲೇ ಕಡಿಮೆ. ಮುಖದ ನರ 93% ಮತ್ತು 97%. ಈ ಮೂರರಲ್ಲೂ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ, ಆಕಸ್ಮಿಕವೂ ಇರಬಹುದು. ಕೆನ್ನೆಯ ಸ್ಪರ್ಶ ತಿಳಿಸುವ ನರದಲ್ಲಿ ಮಾತ್ರ ಐದು ದಿನದವರು ನಿಜವಾಗಿ ಮೇಲು, ಅವರಲ್ಲಿ 98%, ಒಂದು ದಿನದವರಲ್ಲಿ 92%.

ಹಲ್ಲು ನೋಡಿ ಗುಂಪು ಮಾಡಿದ್ದು ಸರಿಯಾದ ಪ್ರಯೋಗವಾ ಅಂತ ನೀವು ಕೇಳುತ್ತೀರಿ. ಅಲ್ಲ. ಹಲ್ಲಿಲ್ಲದವರು ವಯಸ್ಸಾದವರು. ಆದರೂ ಆ ಲೇಖನವನ್ನು ನಾವು ಇವತ್ತಿಗೂ ಎತ್ತಿ ಮಾತಾಡುತ್ತೇವೆ ಅಂದರೆ, ಈ ಮೂರು ದಾರಿಗಳನ್ನು ಮುಖಾಮುಖಿ ನಿಲ್ಲಿಸಿ ನೋಡಿದ ಕೆಲಸ ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ. ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘ 2018ರಲ್ಲಿ ಮಾರ್ಗಸೂಚಿ ಹೊರಡಿಸಿದಾಗಲೂ, ಇಂಥ ಮಷೀನೇ ಮೇಲು ಅಂತ ಹೇಳುವಷ್ಟು ಆಧಾರವಿಲ್ಲ ಎಂದೇ ಬರೆದರು. ಕಿವಿ ಉಳಿಸಬೇಕಾದರೆ ಒಂದೇ ಸಲದ ಡೋಸ್ 13 ಗ್ರೇಗಿಂತ ಕೆಳಗಿರಲಿ ಎಂಬುದು ಅವರ ಸಲಹೆ.

ಆ 13ರ ಹಿಂದೆ ಬಹಳ ಜನರ ಮುಖ ಸೊಟ್ಟಗಾದ ಕಥೆ ಇದೆ. ಶುರುವಿನ ವರ್ಷಗಳಲ್ಲಿ ಸ್ಟಾಕ್‌ಹೋಮಿನಲ್ಲೂ ಆಮೇಲೆ ಪಿಟ್ಸ್‌ಬರ್ಗ್‌ನಲ್ಲೂ 18, 20 ಗ್ರೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕೊಡುತ್ತಿದ್ದರು. ಎಂಆರ್‌ಐ ಇಲ್ಲದ ಕಾಲ, ಗಡ್ಡೆಯ ಅಂಚು ಸರಿಯಾಗಿ ಕಾಣುತ್ತಿರಲಿಲ್ಲ. ಗಡ್ಡೆ ನಿಂತಿತು, ಆದರೆ ಮುಖದ ನರಕ್ಕೂ ಪೆಟ್ಟು ಬಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಡೋಸನ್ನು 12, 13ಕ್ಕೆ ಇಳಿಸಿದರು. ಗಡ್ಡೆ ಆಗಲೂ ನಿಂತೇ ನಿಂತಿತು, ಮುಖದ ತೊಂದರೆ ನೂರಕ್ಕೆ ಒಂದೆರಡಕ್ಕೆ ಇಳಿಯಿತು. ನಿಮಗೆ ಯಾರಾದರೂ "ನಮ್ಮ ಸಂಬಂಧಿಕರಿಗೆ ಕರೆಂಟ್ ಕೊಟ್ಟು ಬಾಯಿ ವಾರೆಯಾಯಿತು" ಅಂದರೆ, ಯಾವ ಇಸವಿಯಲ್ಲಿ ಅಂತ ಮೊದಲು ಕೇಳಿ.

ಈಗ ಕಿವಿ. ಇಲ್ಲಿ ಮಾತ್ರ ಸಿಹಿ ಮಾತಾಡುವುದಿಲ್ಲ. ನಿಮ್ಮ 38 ಡೆಸಿಬಲ್, 80% ಚೆನ್ನಾಗಿಯೇ ಇದೆ. ಡೆಸಿಬಲ್ ಕಡಿಮೆಯಿದ್ದಷ್ಟೂ ಕಿವಿ ಚುರುಕು. ನಾವು 50 ಡೆಸಿಬಲ್ ಒಳಗೆ ಮತ್ತು 50% ಮೇಲೆ ಇದ್ದರೆ ಉಪಯೋಗಕ್ಕೆ ಬರುವ ಕಿವಿ ಅನ್ನುತ್ತೇವೆ. ಇಂಥ ಕಿವಿಗೆ ಒಂದು ದಿನದ ರೇಡಿಯೇಷನ್ ಕೊಟ್ಟರೆ ಐದು ವರ್ಷದ ನಂತರ ಅದು ಉಪಯೋಗಕ್ಕೆ ಬರುವ ಹಾಗೆ ಉಳಿಯುವ ಸಾಧ್ಯತೆ ಅರ್ಧದಿಂದ ಮುಕ್ಕಾಲು. ಹತ್ತು ವರ್ಷಕ್ಕೆ ಕಾಲು ಭಾಗದಿಂದ ಅರ್ಧ. ಅಂದರೆ ನಿಧಾನಕ್ಕೆ ಹೋಗುತ್ತಲೇ ಇರುತ್ತದೆ. ಐದು ದಿನ ಕೊಟ್ಟರೂ, 28 ದಿನ ಕೊಟ್ಟರೂ ಈ ಇಳಿಜಾರು ತಪ್ಪುತ್ತದೆ ಅಂತ ಯಾರೂ ಸಾಬೀತು ಮಾಡಿಲ್ಲ. ಮಷೀನಿಗಿಂತ ಹೆಚ್ಚು ನಿರ್ಧರಿಸುವುದು ಎರಡು ವಿಷಯ. ಒಂದು, ಇವತ್ತು ನಿಮ್ಮ ಕಿವಿ ಎಷ್ಟು ಕೇಳುತ್ತದೆ ಎಂಬುದು. ಎರಡು, ಒಳಗಿವಿಯಲ್ಲಿ ಶಂಖದ ಹಾಗೆ ಸುರುಳಿ ಸುತ್ತಿರುವ ಕಾಕ್ಲಿಯಾಕ್ಕೆ ಎಷ್ಟು ಡೋಸ್ ಬೀಳುತ್ತದೆ ಎಂಬುದು. ಒಂದೇ ದಿನದ ಚಿಕಿತ್ಸೆಯಲ್ಲಿ ಅದರ ಸರಾಸರಿ 4 ಗ್ರೇ ಒಳಗಿದ್ದರೆ ಒಳ್ಳೆಯದು. ಗಡ್ಡೆ ಸುರಂಗದ ತುದಿಯವರೆಗೆ ನುಗ್ಗಿ ಕಾಕ್ಲಿಯಾಕ್ಕೆ ಅಂಟಿಕೊಂಡಿದ್ದರೆ 4ರ ಒಳಗೆ ತರುವುದು ಕಷ್ಟ. ಅಲ್ಲಿ ಪ್ಲಾನ್ ಮಾಡುವವರ ಕೈಚಳಕ ಕಾಣುತ್ತದೆ. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ "ಯಾವ ಮಷೀನು?" ಅಲ್ಲ. "ನನ್ನ ಕಾಕ್ಲಿಯಾಕ್ಕೆ ಎಷ್ಟು ಗ್ರೇ ಬೀಳುತ್ತದೆ? ಇಂಥ ಗಡ್ಡೆ ವರ್ಷಕ್ಕೆ ಎಷ್ಟು ನೋಡುತ್ತೀರಿ?" ಅಂತ ಕೇಳಿ. ಈ ಪ್ರಶ್ನೆಗೆ ಮುಖ ಗಂಟಿಕ್ಕುವವರ ಹತ್ತಿರ ಹೋಗಬೇಡಿ.

ಗುಂಯ್ ಸದ್ದು ಹೋಗುತ್ತದಾ? ಸಾಮಾನ್ಯವಾಗಿ ಇಲ್ಲ. ಅದಕ್ಕಾಗಿ ರೇಡಿಯೇಷನ್ ತೆಗೆದುಕೊಳ್ಳಬೇಡಿ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಲೇ ಇಲ್ಲ. ಈಗಲೇ ಬೇಕಾ? ಆಗಿರುವುದು ಒಂದೇ ಎಂಆರ್‌ಐ, ಗಡ್ಡೆ ಬೆಳೆಯುತ್ತಿದೆ ಅಂತ ಯಾರಿಗೆ ಗೊತ್ತು? ನಾರ್ವೆಯ ಬರ್ಗೆನ್‌ನಲ್ಲಿ 2 ಸೆಂ.ಮೀ.ಗಿಂತ ಚಿಕ್ಕ ಗಡ್ಡೆ ಹೊಸದಾಗಿ ಪತ್ತೆಯಾದ 100 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 50 ಜನರಿಗೆ ಕೂಡಲೇ ಗಾಮಾ ನೈಫ್, 50 ಜನರಿಗೆ ಸ್ಕ್ಯಾನ್ ಮಾಡುತ್ತಾ ಕಾಯುವುದು, ಬೆಳೆದರೆ ಮಾತ್ರ ಚಿಕಿತ್ಸೆ. 2023ರಲ್ಲಿ ನಾಲ್ಕು ವರ್ಷದ ಫಲಿತಾಂಶ ಬಂತು. ಕೂಡಲೇ ಚಿಕಿತ್ಸೆ ಪಡೆದವರ ಗಡ್ಡೆಯ ಗಾತ್ರ ಮೊದಲಿನ 0.87 ಪಟ್ಟಿಗೆ ಇಳಿದಿತ್ತು. ಕಾದವರದ್ದು 1.51 ಪಟ್ಟಿಗೆ ಏರಿತ್ತು. ಗಾಬರಿಯಾಗಬೇಡಿ, ಇದು ಘನಗಾತ್ರ. ಘನಮೂಲ ತೆಗೆಯಿರಿ. ನಿಮ್ಮ 16 ಮಿ.ಮೀ. ಗಡ್ಡೆಗೆ ಹೋಲಿಸಿದರೆ ಒಂದು ಕಡೆ ಸುಮಾರು 15.3, ಇನ್ನೊಂದು ಕಡೆ 18.4. ಕಾದ 50 ಜನರಲ್ಲಿ 28 ಜನರಿಗೆ ನಾಲ್ಕು ವರ್ಷವಾದರೂ ಏನೂ ಬೇಕಾಗಲಿಲ್ಲ. 21 ಜನರಿಗೆ ಆಮೇಲೆ ಗಾಮಾ ನೈಫ್ ಆಯಿತು. ಒಬ್ಬರಿಗೆ ಆಪರೇಷನ್. ಕಿವಿ? ಎರಡೂ ಗುಂಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅಂದರೆ ಗಡ್ಡೆಯನ್ನು ಮುಟ್ಟದಿದ್ದರೂ ಕಿವಿ ಇಳಿಯುತ್ತದೆ, ಮುಟ್ಟಿದರೂ ಇಳಿಯುತ್ತದೆ.

ನಿಮ್ಮ ವಿಷಯದಲ್ಲಿ ನಾನಾಗಿದ್ದರೆ ಆರು ತಿಂಗಳಿಗೆ ಇನ್ನೊಂದು ಎಂಆರ್‌ಐ ಮಾಡಿಸುತ್ತಿದ್ದೆ. ಅದೇ ಸೆಂಟರಿನಲ್ಲಿ, ಅದೇ ತೆಳು ಸೀಳುಗಳಲ್ಲಿ, ಗಡ್ಡೆ ಎದ್ದು ಕಾಣುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು. 2 ಮಿ.ಮೀ. ಹೆಚ್ಚಾಗಿದ್ದರೆ ಬೆಳೆಯುತ್ತಿದೆ ಅಂತ ಲೆಕ್ಕ. ಆಗ ರೇಡಿಯೇಷನ್. ಗಾಮಾ ನೈಫ್‌ನಲ್ಲಿ ಒಂದೇ ದಿನವಾದರೂ ಸರಿ, ಚೆನ್ನಾಗಿ ಪ್ಲಾನ್ ಮಾಡುವವರು ಸಿಕ್ಕಿದರೆ ಸೈಬರ್‌ನೈಫ್‌ನಲ್ಲಿ ಮೂರು ಅಥವಾ ಐದು ದಿನವಾದರೂ ಸರಿ, ಎರಡರ ನಡುವೆ ನಾನು ಜಗಳ ಆಡುವುದಿಲ್ಲ. 28 ಸಿಟ್ಟಿಂಗನ್ನು ನಿಮ್ಮ ಗಾತ್ರದ ಗಡ್ಡೆಗೆ ನಾನು ಆರಿಸುವುದಿಲ್ಲ. ಗಡ್ಡೆ 3 ಸೆಂ.ಮೀ. ಹತ್ತಿರ ಇದ್ದು, ಮಿದುಳುಕಾಂಡಕ್ಕೆ ತಾಗಿಕೊಂಡಿದ್ದು, ವಯಸ್ಸಿನಿಂದಲೋ ಹೃದಯದ ತೊಂದರೆಯಿಂದಲೋ ಆಪರೇಷನ್ ಆಗದು ಅನ್ನುವವರಿಗೆ ಅದು ಒಳ್ಳೆಯ ದಾರಿ. ನಿಮಗೆ ಅದರಿಂದ ಸಿಗುವ ಹೆಚ್ಚಿನ ಲಾಭ ಕಾಣುವುದಿಲ್ಲ, ಆದರೆ ಐದಾರು ವಾರ ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಇರಬೇಕಾದ ಖರ್ಚು, ರಜೆ, ಓಡಾಟ ಎಲ್ಲಾ ಕಾಣುತ್ತದೆ. ಎಕ್ಸ್‌ರೇ ಬದಲು ಪ್ರೋಟಾನ್ ಕಣಗಳ ರೇಡಿಯೇಷನ್ ಅಂತ ಯಾರಾದರೂ ಹೇಳಿದರೆ ಅದಕ್ಕೂ ಇದೇ ಉತ್ತರ. ಈ ಗಡ್ಡೆಯಲ್ಲಿ ಅದು ಮೇಲು ಅಂತ ತೋರಿಸಿಲ್ಲ. ಬೆಲೆ ಮಾತ್ರ ಮೇಲೇ ಇದೆ.

ಆಪರೇಷನ್ನಿನ ಬಗ್ಗೆ ಒಂದು ಮಾತು. ಇದೇ ಗಡ್ಡೆ ದೊಡ್ಡದಾಗಿ ಮಿದುಳುಕಾಂಡವನ್ನು ಒತ್ತುತ್ತಿದ್ದರೆ, ನಡಿಗೆ ಓಲಾಡುತ್ತಿದ್ದರೆ ರೇಡಿಯೇಷನ್ ಅಲ್ಲ, ಆಪರೇಷನ್ನೇ. ರೇಡಿಯೇಷನ್ ಆದಮೇಲೂ ಬೆಳೆದು ಆಪರೇಷನ್ ಮಾಡಬೇಕಾದರೆ ಮುಖದ ನರ ಗಡ್ಡೆಗೆ ಅಂಟಿಕೊಂಡು ಬಿಡಿಸುವುದು ಕಷ್ಟವಾಗುತ್ತದೆ, ಸರ್ಜನ್‌ಗಳು ಗೊಣಗುವುದು ಸುಳ್ಳಲ್ಲ. ಆದರೆ ಅಂಥ ಪಾಳಿ ಬರುವುದು ನೂರಕ್ಕೆ ಕೆಲವರಿಗೆ ಮಾತ್ರ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಗಡ್ಡೆಗಳು ಹತ್ತು ವರ್ಷವಾದರೂ ನಿಂತೇ ಇರುತ್ತವೆ. ರೇಡಿಯೇಷನ್ನಿನಿಂದಲೇ ಮುಂದೆ ಕ್ಯಾನ್ಸರ್ ಬರುತ್ತದಾ ಎಂಬ ಭಯಕ್ಕೆ ಉತ್ತರ, ಆಗಿದ್ದುಂಟು, ಆದರೆ ಬಹಳ ಬಹಳ ಅಪರೂಪ. ಎರಡೂ ಕಿವಿಯಲ್ಲಿ ಗಡ್ಡೆ ಬರುವ ವಂಶವಾಹಿ ಕಾಯಿಲೆ ಇರುವವರ ಲೆಕ್ಕ ಬೇರೆ, ಅವರ ವಿಷಯದಲ್ಲಿ ನಾವು ಹೆಚ್ಚು ಯೋಚಿಸುತ್ತೇವೆ.

ಮುಂದೆ ಚಿಕಿತ್ಸೆ ಮಾಡಿಸಿಕೊಂಡರೆ ಒಂದು ವಿಷಯ ಈಗಲೇ ಕಿವಿಗೆ ಹಾಕಿಕೊಳ್ಳಿ, ಎಡಗಿವಿಗಾದರೂ ಸರಿ. ರೇಡಿಯೇಷನ್ ಆದ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಗಡ್ಡೆ ಊದುತ್ತದೆ. ಎಲ್ಲರಿಗೂ ಅಲ್ಲ, ಬಹಳ ಜನರಿಗೆ. ನಡುವೆ ಕಪ್ಪಾಗುತ್ತದೆ, ಅಂಚು ಉಬ್ಬುತ್ತದೆ. ಅದು ಸಾಯುವ ಲಕ್ಷಣ, ಬೆಳೆಯುವ ಲಕ್ಷಣವಲ್ಲ. ನನ್ನ ಹತ್ತಿರ ಚಿಕಿತ್ಸೆ ಪಡೆದ ಒಬ್ಬ ಅಂಗಡಿಯವರು ಎಂಟನೇ ತಿಂಗಳಲ್ಲಿ ತಮ್ಮ ಊರಿನ ಕಡೆಯೇ ಸ್ಕ್ಯಾನ್ ಮಾಡಿಸಿದರು. 'ಗಡ್ಡೆಯ ಗಾತ್ರ ಹೆಚ್ಚಿದೆ' ಅಂತ ರಿಪೋರ್ಟ್ ಬಂತು. ಅಲ್ಲಿನ ಡಾಕ್ಟರು ರೇಡಿಯೇಷನ್ ಫೇಲ್ ಆಗಿದೆ, ಆಪರೇಷನ್ ಮಾಡಿಸಿ ಅಂದರು. ತಾರೀಕೂ ಗೊತ್ತಾಯಿತು, ಮನೆಯಲ್ಲಿ ಅಳು. ಹಿಂದಿನ ದಿನ ಅವರ ಮಗಳು ನನಗೆ ಫೋನ್ ಮಾಡಿದಳು. ಎರಡು ಮಿಲಿಮೀಟರ್ ಊದಿತ್ತು, ನಡುಭಾಗ ಕಪ್ಪಾಗಿತ್ತು. ಕಾಯೋಣ ಅಂದೆ. ಎರಡನೇ ವರ್ಷದ ಸ್ಕ್ಯಾನಿನಲ್ಲಿ ಮೊದಲಿನ ಗಾತ್ರಕ್ಕಿಂತ ಚಿಕ್ಕದಾಗಿತ್ತು. ಹಾಗಾಗಿ ಮೊದಲ ಎರಡು ವರ್ಷ ಒಂದೇ ಸ್ಕ್ಯಾನ್ ನೋಡಿ ಯಾರು ಆಪರೇಷನ್ ಅಂದರೂ, ತಲೆನೋವು, ವಾಂತಿ, ನಡಿಗೆ ತಪ್ಪುವುದು ಇಲ್ಲದಿದ್ದರೆ, ಚಿಕಿತ್ಸೆ ಕೊಟ್ಟವರಿಗೆ ತೋರಿಸದೆ ಹೂಂ ಅನ್ನಬೇಡಿ. ಆ ಲಕ್ಷಣಗಳು ಇದ್ದರೆ ಮಾತ್ರ ಕಾಯಬೇಡಿ, ತಲೆಯಲ್ಲಿ ನೀರು ತುಂಬಿರಬಹುದು.

ಮುಂದಿನ ಸಲ ಯಾವ ಡಾಕ್ಟರ ಹತ್ತಿರ ಹೋದರೂ ಎಂಆರ್‌ಐ ಫಿಲ್ಮ್ ಮಾತ್ರ ಒಯ್ಯಬೇಡಿ. ಫಿಲ್ಮಿನಲ್ಲಿ ಗಡ್ಡೆಯನ್ನು ಸರಿಯಾಗಿ ಅಳೆಯಲು ಆಗುವುದಿಲ್ಲ. ಸ್ಕ್ಯಾನ್ ಸೆಂಟರಿನಲ್ಲಿ ಸಿ.ಡಿ. ಕೇಳಿ. "ರಿಪೋರ್ಟ್ ಇದೆಯಲ್ಲಾ ಸಾರ್, ಸಿ.ಡಿ. ಯಾಕೆ" ಅನ್ನುತ್ತಾರೆ. ಪಟ್ಟು ಹಿಡಿದು ಕೂತು ತೆಗೆದುಕೊಳ್ಳಿ. ಎರಡು ಕಾಪಿ.